ಹಿತ್ತಲ ಓಣಿ



ಬೆಂಗಳೂರಿನ ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹಳೆಯ ಮನೆಗಳ ಹಿಂದಕ್ಕೆ ಹೋಗಿ ನೋಡಿ. ಎರಡು ಸಾಲು ಹಿತ್ತಲುಗಳ ನಡುವೆ ಇಕ್ಕಟ್ಟಾದ ಓಣಿಯೊಂದು ಸಿಗುತ್ತದೆ. ಜನ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಯಾವ ಮನೆಯ ತಲೆಬಾಗಿಲೂ ಅದರತ್ತ ಮುಖ ಮಾಡಿಲ್ಲ.

1898ರಲ್ಲಿ ಊರಿಗೆ ಪ್ಲೇಗು ಬಡಿಯಿತು. ಕಿಕ್ಕಿರಿದ ಪೇಟೆಯಿಂದ ಜನ ಹೊರಬಂದಂತೆ ಈ ಬಡಾವಣೆಗಳು ಬೆಳೆದವು. ಅಗಲ ಬೀದಿ, ಗಾಳಿ, ಬೆಳಕು ಎಲ್ಲವೂ ಬಂತು. ಆದರೆ ಮನೆಗಳಲ್ಲಿದ್ದುದು ಒಣ ಕಕ್ಕಸು. ಅದನ್ನು ದಿನವೂ ಮನುಷ್ಯರೇ ಬಳಿಯಬೇಕು. ಬಳಿಯುವವರು ತಲೆಬಾಗಿಲಿಂದ ಬರಕೂಡದು, ಅಂಗಳ ತುಳಿಯಕೂಡದು. ಅವರ ಓಡಾಟಕ್ಕೆಂದೇ ಈ ಓಣಿ. ದಲಿತರ ಕೇರಿಯನ್ನು ಊರಾಚೆ ಇಟ್ಟ ಹಳ್ಳಿಯ ಕಟ್ಟಳೆ ಹೊಸ ನಗರದ ನಕ್ಷೆಯೊಳಗೂ ಹೀಗೆ ಗೆರೆಯಾಗಿ ಮೂಡಿತು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಗೋಡೆಗಳು ಮಾತ್ರ ನಿಂತೇ ಇದ್ದವು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರ ಕೇಂದ್ರ ಕಾಯ್ದೆ ಇನ್ನೂ ಬುಡಕ್ಕೆ ಕೈ ಹಾಕಿತು: ಒಣ ಕಕ್ಕಸು ಕಟ್ಟುವುದೇ ಅಪರಾಧವೆಂದಿತು. ಒಂದು ಕಟ್ಟಡದ ರೀತಿಯೇ ಮನುಷ್ಯನನ್ನು ಹೀನಗೊಳಿಸಬಲ್ಲದೆಂದು ಕಾನೂನು ಒಪ್ಪಿದ್ದು ಆಗ.

ಆದರೂ ಕಾಯ್ದೆ ತಾನಾಗಿ ಗೋಡೆ ಕೆಡವುವುದಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಂಗಡಿಗರೊಂದಿಗೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಹಾರೆ ಹಿಡಿದು ಒಣ ಕಕ್ಕಸುಗಳನ್ನು ಉರುಳಿಸಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಒಣ ಕಕ್ಕಸಿನ ಜಾಗಕ್ಕೆ ಒಳಚರಂಡಿ ಬಂದಿದೆ. ಓಣಿ ನೆಲದಡಿಗೆ ಇಳಿದಿದೆ, ಅಷ್ಟೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು; 2023ರಲ್ಲಿ ಅದನ್ನು 30 ಲಕ್ಷಕ್ಕೇರಿಸಿತು. ಪರಿಹಾರದ ಮೊತ್ತ ಏರಿತು ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ.

ಹಾಗಾಗಿ ಮನೆ ಕಟ್ಟಿಸುವವರಲ್ಲಿ ನನ್ನದೊಂದು ಬಿನ್ನಹ. ನಕ್ಷೆ ಬರೆಸುವಾಗ ವಾಸ್ತು ಕೇಳುತ್ತೀರಿ, ದಿಕ್ಕು ಕೇಳುತ್ತೀರಿ. ಜೊತೆಗೆ ಇದನ್ನೂ ಕೇಳಿ: ಶೌಚಗುಂಡಿ ತುಂಬಿದರೆ ಯಾರೂ ಒಳಗಿಳಿಯದೆ ಯಂತ್ರ ಅದನ್ನು ಮುಟ್ಟಬಲ್ಲದೇ? ಕೆಲಸಕ್ಕೆ ಬರುವ ಹೆಂಗಸಿಗೆ ಬಳಸಲು ಶೌಚಾಲಯವಿದೆಯೇ? ಅವಳು ಯಾವ ಬಾಗಿಲಿಂದ ಬರುತ್ತಾಳೆ? ನೀವು ಬರುವ ಬಾಗಿಲಿಂದಲೇ ಅವಳೂ ಬರಲಿ.