ಹೊಲದ ಮಣ್ಣು, ಕೆರೆಯ ಹೂಳು

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಮಾಡಿದ ಭಾಷಣ)



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ ಅಂತ ಲೆಕ್ಕ ಹಾಕುತ್ತೇವೆ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಪುಸ್ತಕ ಮತ್ತೆ ತೆಗೆಯುತ್ತೇವೆ. ಆದರೆ ಪ್ರತಿ ಮಳೆಗೆ ನಮ್ಮ ಹೊಲದಿಂದ ಕೊಚ್ಚಿಹೋಗುವ ಮಣ್ಣಿನ ಲೆಕ್ಕ ಇಟ್ಟವರಿಲ್ಲ. ಆ ಮಣ್ಣು ಎಲ್ಲಿಗೆ ಹೋಗುತ್ತೆ, ಹೋದಲ್ಲಿ ಏನು ಮಾಡುತ್ತೆ ಎಂಬುದೇ ಇವತ್ತಿನ ವಿಷಯ.

ಮಳೆ ಬಂದಾಗ ಹಳ್ಳದ ಕೆಂಪು ನೀರನ್ನು ಒಂದು ಕೊಡದಲ್ಲಿ ಹಿಡಿದಿಡಿ. ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಕೆಸರು. ಓಡುವ ನೀರು ಮಣ್ಣನ್ನು ಹೊತ್ತೊಯ್ಯುತ್ತದೆ. ನಿಂತ ನೀರು ಕೆಳಗೆ ಇಳಿಸುತ್ತದೆ. ಮೊದಲು ಇಳಿಯುವುದು ಕಲ್ಲು, ಮರಳು. ನುಣ್ಣನೆಯ ಮಣ್ಣು ದೂರ ಹೋಗಿ ನಿಧಾನವಾಗಿ ಕೂರುತ್ತದೆ.

ನದಿ ಸಮುದ್ರ ಸೇರುವಲ್ಲಿಯೂ ಇದೇ ಆಗುತ್ತದೆ. ನಮ್ಮ ವೇದಾವತಿ ಬಾಬಾಬುಡನ್‌ಗಿರಿ ಕಡೆಯಿಂದ ಕಡೂರು, ಹೊಸದುರ್ಗ, ಹಿರಿಯೂರು ಹಾದು, ಬಳ್ಳಾರಿ ಕಡೆ ಹಗರಿ ಎನಿಸಿಕೊಂಡು, ತುಂಗಭದ್ರೆಯನ್ನು ಸೇರುತ್ತಾಳೆ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಲ್ಲಿ ನೀರಿನ ಓಟ ನಿಂತು, ಸಾವಿರಾರು ವರ್ಷ ಹೂಳು ಕೂತು ಕೂತು ಹೊಸ ನೆಲವೇ ಎದ್ದಿದೆ. ಇದನ್ನೇ ಡೆಲ್ಟಾ, ಅಂದರೆ ನದೀಮುಖಜ ಭೂಮಿ ಎನ್ನುತ್ತಾರೆ. ಭತ್ತದ ಕಣಜವಾದ ಕೃಷ್ಣಾ ಡೆಲ್ಟಾ ಹುಟ್ಟಿದ್ದು ಹೀಗೆ. ಈಗ ದಾರಿಯಲ್ಲಿ ಅಣೆಕಟ್ಟೆಗಳು ಹೂಳನ್ನು ಹಿಡಿಯುವುದರಿಂದ ಅಲ್ಲಿಗೆ ತಲುಪುವ ಮಣ್ಣು ಬಹಳ ಕಡಿಮೆಯಾಗಿದೆ. ಕೆಲವು ಕಡೆ ಸಮುದ್ರವೇ ದಡವನ್ನು ಕೊರೆಯುತ್ತಿದೆ.

ಅಲ್ಲಿಗೆ ಬೇಕಾದ ಮಣ್ಣು ಇಲ್ಲಿ ನಿಂತು ನಮಗೆ ತೊಂದರೆಯಾಗುತ್ತಿದೆ. ಕೆರೆ ಆಗಲಿ, ಡ್ಯಾಂ ಆಗಲಿ, ನೀರು ಬಂದು ಸೇರುವ ತುದಿಯಲ್ಲಿ ಮರಳು ಇಳಿದು ಪುಟ್ಟ ಡೆಲ್ಟಾ ಏಳುತ್ತದೆ. ನುಣ್ಣನೆಯ ಮಣ್ಣು ಏರಿಯ ಕಡೆಗೆ ಬಂದು ತೂಬಿನ ಹತ್ತಿರ ಕೂರುತ್ತದೆ. ವರ್ಷ ವರ್ಷ ನೀರಿನ ಜಾಗ ಮಣ್ಣಿನ ಪಾಲಾಗುತ್ತದೆ.

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ ನೋಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ನಮ್ಮ ವಾಣಿವಿಲಾಸ ಸಾಗರ ಪೂರ್ತಿ ತುಂಬಿದರೆ ಸುಮಾರು 30 ಟಿಎಂಸಿ. ಹತ್ತಿರ ಹತ್ತಿರ ಒಂದು ಮಾರಿಕಣಿವೆಯಷ್ಟು ಜಾಗವನ್ನು ಅಲ್ಲಿ ಹೂಳೇ ನುಂಗಿದೆ!

ಮಾರಿಕಣಿವೆ ಕಟ್ಟಿದ್ದು 1898ರಿಂದ 1907ರವರೆಗೆ. ಕೆಲಸ ಶುರುವಾದಾಗ ಮೈಸೂರಿನ ಆಡಳಿತ ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ನೋಡಲು 2022ರವರೆಗೆ ಕಾಯಬೇಕಾಯಿತು; 2025ರಲ್ಲಿ ಪುನಃ ಬಿತ್ತು. ಕೋಡಿ ಬೀಳದ ಅಷ್ಟು ವರ್ಷ ಬಂದ ಮಣ್ಣು ಎಲ್ಲಿ ಹೋಗಬೇಕು? ಅಲ್ಲೇ ಕೂರಬೇಕು. ಹಿರಿಯೂರು, ಚಿತ್ರದುರ್ಗದ ಕುಡಿಯುವ ನೀರೂ ಇದೇ ಅಣೆಕಟ್ಟೆಯದು.

ಊರ ಕೆರೆ ಚಿಕ್ಕದು, ಬೇಗ ತುಂಬುತ್ತದೆ. ಕೆರೆ ಹೂತರೆ ನೀರು ಬೇಗ ಬತ್ತುತ್ತೆ, ಸುತ್ತಲಿನ ಬೋರ್‌ವೆಲ್ ಸೊರಗುತ್ತೆ, ಆಮೇಲೆ ಕೊಡ ಹಿಡಿದು ನಡೆಯೋರು ಯಾರು? ನಾವೇ ಅಲ್ಲವೇ?

ಹೂಳೆತ್ತಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಎತ್ತಲೇಬೇಕು. ಆದರೆ ಮೇಲಿನ ಹೊಲದ ಮಣ್ಣು ನಿಲ್ಲಿಸದಿದ್ದರೆ ಎತ್ತಿದ ಜಾಗಕ್ಕೆ ಮತ್ತೆ ಹೂಳು ಬರುತ್ತದೆ. 2001ರಿಂದ 2009ರವರೆಗೆ ನಮ್ಮ ಜಿಲ್ಲೆಯೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯ ಪಾಠವೂ ಇದೇ: ದಿಣ್ಣೆಯಿಂದ ಶುರು ಮಾಡಿ ಹಳ್ಳಕ್ಕೆ ಇಳಿಯಬೇಕು.

ಆದ್ದರಿಂದ ನಾವು ಮಾಡಬೇಕಾದ್ದು:

1. ಇಳಿಜಾರಿಗೆ ಅಡ್ಡವಾಗಿ ಉಳುಮೆ, ಬಿತ್ತನೆ ಮಾಡಿಸೋಣ. ಒಡೆದ ಬದುವನ್ನು ಮಳೆಗೆ ಮುಂಚೆ ಸರಿಮಾಡಿ, ಮೇಲೆ ಹುಲ್ಲು ಬೆಳೆಸೋಣ.

2. ಸಣ್ಣ ಕೊರಕಲುಗಳಿಗೆ ಅಡ್ಡಲಾಗಿ ಕಲ್ಲು ಜೋಡಿಸೋಣ. ಕೊರಕಲು ದೊಡ್ಡದಾದ ಮೇಲೆ ಖರ್ಚೂ ದೊಡ್ಡದು.

3. ಬೇಸಿಗೆಯಲ್ಲಿ ಕೆರೆಗೋಡು ಹೊಲಕ್ಕೆ ಹೊಡೆಸೋಣ. ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಂಪು, ಮರಳು ಮಿಶ್ರಿತ ಹೊಲಗಳಲ್ಲಿ ಅದು ತೇವ ಹಿಡಿಯುತ್ತದೆ. ಎರೆಹೊಲಕ್ಕೆ ಬೇಡ, ಅಲ್ಲಿ ಜಿಗಟು ಮೊದಲೇ ಇದೆ. ಮಣ್ಣು ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಪಂಚಾಯಿತಿ ಒಪ್ಪಿಗೆ ಪಡೆದೇ ತೆಗೆಯಬೇಕು. ಏರಿಯ ಬುಡ ಮಾತ್ರ ಅಗೆಯಬಾರದು.

4. ಬದು, ಹೂಳೆತ್ತುವ ಕೆಲಸಗಳನ್ನು ಗ್ರಾಮಸಭೆಯಲ್ಲಿ ಸಂಘದ ಹೆಸರಲ್ಲಿ ಬರೆದು ಕೇಳೋಣ. ಒಬ್ಬಳು ಕೇಳಿದರೆ ಮರೆಯಬಹುದು, ಇಪ್ಪತ್ತು ಜನ ಕೇಳಿದರೆ ದಾಖಲೆಯಾಗುತ್ತದೆ.

ಗೊಬ್ಬರಕ್ಕೆಂದು ನಾವು ಮಾಡುವ ಸಾಲದ ಸಾರವೂ ಈ ಮಣ್ಣಿನ ಜೊತೆಗೇ ಹರಿದುಹೋಗುತ್ತದೆ. ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಸಾಲದ ಲೆಕ್ಕದ ಕೆಳಗೆ ಒಂದು ಸಾಲು ಬರೆಯಿರಿ: ಈ ವರ್ಷ ನಮ್ಮ ಸದಸ್ಯೆಯರ ಎಷ್ಟು ಹೊಲಕ್ಕೆ ಬದು ಆಯಿತು? ಅಲ್ಲಿಂದ ಶುರು ಮಾಡೋಣ.