ಅರ್ಥವಾಗದ ಸಿನಿಮಾದ ಎದುರು



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಮಕ್ಕಳು ಸಿನಿಮಾ ನೋಡಬೇಕೋ ಬೇಡವೋ ಎಂಬ ಚರ್ಚೆ ಮನೆಮನೆಗೆ ಮೊಬೈಲ್ ಬಂದಾಗಲೇ ಮುಗಿಯಿತು. ಈಗ ಕೇಳಬೇಕಾದದ್ದು, ಹೇಗೆ ನೋಡುತ್ತಾರೆ ಎಂದು. ಫೈಟು, ಹಾಡು, ಕಾಮಿಡಿ ಇದ್ದರೆ ನಮಗೆ ಸಾಕು. ಇಲ್ಲದಿದ್ದರೆ "ತಲೆಬುಡ ಇಲ್ಲ" ಎಂದು ಎದ್ದುಬಿಡುತ್ತೇವೆ.

ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ' (2010) ಚಿತ್ರವನ್ನೇ ತೆಗೆದುಕೊಳ್ಳಿ. ಅಮರೇಶ ನುಗಡೋಣಿಯವರ 'ಸವಾರಿ' ಕಥೆ ಅದಕ್ಕೆ ಆಧಾರ. ನಮ್ಮ ಉತ್ತರ ಕರ್ನಾಟಕದ ಹಳ್ಳಿಯ ಕಥೆ. ಇರ್ಯಾ ಹೆಣಕ್ಕೆ ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಒಂದು ಸಾವು ಆಗಿದೆ ಎಂದೇ ಅವನ ನಂಬಿಕೆ. ಒಮ್ಮೆ ಕನಸು ಬೀಳುತ್ತದೆ, ದೊಡ್ಡ ಮನೆಗೆ ಹೋಗುತ್ತಾನೆ. ಯಾರೂ ಸತ್ತಿಲ್ಲ ಎಂದು ಕಳಿಸಿಬಿಡುತ್ತಾರೆ. ಅದೇ ಘಟನೆಯನ್ನು ಚಿತ್ರ ಮತ್ತೊಮ್ಮೆ ಹೇಳುತ್ತದೆ, ಈ ಸಲ ದೊಡ್ಡ ಮನೆಯ ಒಳಗಿನಿಂದ. ಆಗ ತಿಳಿಯುತ್ತದೆ: ಸಾವು ಆಗಿತ್ತು, ಲಾಭಕ್ಕಾಗಿ ಮುಚ್ಚಿಟ್ಟಿದ್ದರು.

ಉಳ್ಳವರು ಸುಳ್ಳು ಹೇಳುವುದು ಹೊಸದೇನಲ್ಲ. ಆ ಸುಳ್ಳಿನಿಂದ ಬಡವನೊಬ್ಬ ತಾನು ಕಂಡದ್ದನ್ನೇ ಅನುಮಾನಿಸತೊಡಗುತ್ತಾನಲ್ಲ, ನನ್ನನ್ನು ಕಾಡಿದ್ದು ಅದು. ಕಥೆಯನ್ನು ನೇರವಾಗಿ ಒಂದೇ ಸಲ ಹೇಳಿದ್ದರೆ ಅವನ ಜೊತೆ ನಾವೂ ಮೋಸ ಹೋಗುತ್ತಿರಲಿಲ್ಲ.

ಇರ್ಯಾ ಆಗಿ ನಟಿಸಿದವರು ಬೀದರ ಜಿಲ್ಲೆಯ ವೈಜನಾಥ ಬಿರಾದಾರ. (ಹೆಸರು ಕೇಳಿದರೆ ನಮ್ಮ ಸಿಂದಗಿ, ಇಂಡಿಯವರೇ ಅನ್ನಿಸುತ್ತದೆ!) ಹಾಸ್ಯ ಪಾತ್ರಗಳಲ್ಲಿ ಅವರನ್ನು ಕಂಡವರು ಮುಖ ನೋಡಿದೊಡನೆ ನಗಲು ಸಿದ್ಧರಾಗುತ್ತಾರೆ. ಇಲ್ಲಿ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಹೆಂಡತಿ ರುದ್ರಿಯಾಗಿ ಉಮಾಶ್ರೀ ಇದ್ದಾರೆ. ಚಿತ್ರಕಥೆಗೆ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರಿಗೆ 2009ನೇ ಸಾಲಿನ ರಾಷ್ಟ್ರ ಪ್ರಶಸ್ತಿ ಬಂದಿತು.

ಕನಸಿನ ಮಾತು ನಮಗೆ ಹೊಸದಲ್ಲ. ಸೂರಃ ಯೂಸುಫ್ ಓದಿದವರಿಗೆ ರಾಜನ ಕನಸು ಗೊತ್ತು: ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತಿದ್ದವು. ಆಸ್ಥಾನದವರು ಅದನ್ನು ಗೊಂದಲದ ಕನಸೆಂದು ತಳ್ಳಿಹಾಕಿದರು. ಅದರಲ್ಲಿ ಬರಗಾಲದ ಮುನ್ಸೂಚನೆ ಕಂಡವರು ಸೆರೆಮನೆಯಲ್ಲಿದ್ದ ಹಝ್ರತ್ ಯೂಸುಫ್ ಅಲೈಹಿಸ್ಸಲಾಮ್. ಸಿನಿಮಾವನ್ನು ಅದಕ್ಕೆ ಸರಿಗಟ್ಟುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಆಸ್ಥಾನದವರ ಅವಸರ ನಮ್ಮಲ್ಲೂ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಪವನ್ ಕುಮಾರ್ ಅವರ 'ಲೂಸಿಯಾ' (2013) ಕೂಡ ಕನಸಿನದೇ. ಪ್ರೇಕ್ಷಕರೇ ಹಣ ಹಾಕಿ ಮಾಡಿಸಿದ ಚಿತ್ರ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯುವಕರಿಗೆ ಇದು ಬೇಗ ಹಿಡಿಸುತ್ತದೆ. ನನ್ನ ಮನಸ್ಸು ಮಾತ್ರ ಇರ್ಯಾನ ಕಡೆಗೇ.

ಒಂದು ವಿನಂತಿ. ಆ ಚಿತ್ರ ನೋಡುವಾಗ ಮೊಬೈಲ್ ಬದಿಗಿಡಿ. ತಿಳಿಯದ ದೃಶ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಗೆಳೆಯರೊಂದಿಗೆ ವಾದಿಸಿ. ಕಥೆ ಮುಗಿದಂತೆ ಕಂಡಾಗ ಎದ್ದು ಹೋಗಬೇಡಿ, ದೊಡ್ಡ ಮನೆಯ ಬಾಗಿಲು ತೆರೆಯುವುದು ಆಮೇಲೆಯೇ.