ಬೀಸಿದ ಕೋಲನ್ನು ನಿಲ್ಲಿಸಬಲ್ಲ ಕೈ

(ಮಕ್ಕಳ ಬೇಸಿಗೆ ಶಿಬಿರವೊಂದರ ಉದ್ಘಾಟನಾ ಸಭೆಯಲ್ಲಿ ಹೆತ್ತವರನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಈ ಶಿಬಿರದಲ್ಲಿ ಕುರ್‌ಆನ್ ಪಾರಾಯಣ, ಗಣಿತ, ಚಿತ್ರಕಲೆಗಳ ಜೊತೆಗೆ ದೊಣ್ಣೆವರಸೆಯನ್ನೂ ಕಲಿಸಲಾಗುವುದೆಂದು ತಿಳಿದಾಗ ಕೆಲವು ಹೆತ್ತವರು ಎರಡು ಪ್ರಶ್ನೆಗಳನ್ನು ಎತ್ತಿದರಂತೆ. ಮೊದಲನೆಯದು: ನಾವು ಎಷ್ಟೋ ವರ್ಷ ಶ್ರಮಪಟ್ಟು ಕೈಬಿಡಿಸಿದ ಮೊಹರಮ್ಮಿನ ಆಟವನ್ನು ನೀವು ಹಿಂಬಾಗಿಲಿನಿಂದ ಮತ್ತೆ ಒಳಗೆ ತರುತ್ತಿದ್ದೀರಾ? ಎರಡನೆಯದು: ಈ ಕಾಲದಲ್ಲಿ ನಮ್ಮ ಮಕ್ಕಳ ಕೈಗೆ ಕೋಲು ಕೊಡುವುದು ಜಾಣತನವೇ? ಈ ಎರಡೂ ಪ್ರಶ್ನೆಗಳು ನ್ಯಾಯವಾದವು. ಅವುಗಳನ್ನು ಎತ್ತಿದವರು ಸಮುದಾಯದ ಹಿತಚಿಂತಕರೇ ಆಗಿದ್ದಾರೆ. ಆದ್ದರಿಂದ ಇಂದಿನ ನನ್ನ ಮಾತುಗಳೆಲ್ಲವೂ ಆ ಎರಡು ಪ್ರಶ್ನೆಗಳಿಗೆ ಉತ್ತರವೆಂದು ಭಾವಿಸಿರಿ.

ನಾನು ಬಯಲುಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ ಬೆಳೆದವನು. ನಮ್ಮ ಓಣಿಯ ಕೊನೆಯಲ್ಲಿ ಒಂದು ತಾಲೀಮಖಾನೆ ಇತ್ತು. ಹಗಲೆಲ್ಲ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಒಬ್ಬ ಪಿಂಜಾರ ಹಿರಿಯರು ಸಂಜೆಯಾದೊಡನೆ ನಮ್ಮ ಉಸ್ತಾದರಾಗುತ್ತಿದ್ದರು. ಅಲ್ಲಿಗೆ ನಮ್ಮವರ ಮಕ್ಕಳು ಮಾತ್ರವಲ್ಲ, ಕುರುಬರ, ಲಿಂಗಾಯತರ, ಬೇಡರ ಮಕ್ಕಳೂ ಬರುತ್ತಿದ್ದರು. ಒಂದು ದಿನ ಜೋಡಿಯಾಟದಲ್ಲಿ ನಾನು ಬೀಸಿದ ಕೋಲು ಗೆಳೆಯನ ಕಿವಿಯ ಮೇಲೆ ಬಿತ್ತು. ರಕ್ತ ಬಂತು. ಉಸ್ತಾದರು ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಕೋಲನ್ನು ತೆಗೆದುಕೊಂಡು ಗೋಡೆಗೆ ಆನಿಸಿಟ್ಟು, “ಬೇಟಾ, ಕೋಲು ಬೀಸೋದು ಯಾರಿಗಾದರೂ ಬರತೈತಿ. ಬೀಸಿದ್ದನ್ನ ನಿಲ್ಲಸೋದು ಬರೋತನಕ ನಿನಗ ಇದು ಇಲ್ಲ” ಎಂದರು. ಮುಂದೆ ಒಂದು ತಿಂಗಳು ನಾನು ಬರಿಗೈಯಲ್ಲಿ ಹೆಜ್ಜೆಗಳನ್ನು ಮಾತ್ರ ಕಲಿತೆ. ಅವರ ಆ ಮಾತು ನನ್ನ ಜೀವನದುದ್ದಕ್ಕೂ ಉಳಿದಿದೆ. ನಿಜ ಹೇಳಬೇಕೆಂದರೆ, ಆ ಒಂದು ಮಾತನ್ನು ನಿಮಗೆ ಒಪ್ಪಿಸಲಿಕ್ಕಾಗಿಯೇ ನಾನಿಂದು ಬಂದಿದ್ದೇನೆ.

ಮೊದಲ ಪ್ರಶ್ನೆಗೆ ಬರೋಣ. ನಮ್ಮ ಕಡೆಯ ತಾಲೀಮಖಾನೆಗಳು ಮೊಹರಮ್ ಆಚರಣೆಯೊಂದಿಗೆ ಹೆಣೆದುಕೊಂಡಿದ್ದವು ಎಂಬುದು ಸತ್ಯ. ಪಂಜಾಗಳ ಮುಂದೆ, ಅಲಾವಿಯ ಸುತ್ತ ಕೋಲು ತಿರುಗಿಸುವುದೇ ಆ ವಿದ್ಯೆಯ ವರ್ಷದ ಪರೀಕ್ಷೆಯಾಗಿತ್ತು. ಧರ್ಮದಲ್ಲಿ ಇಲ್ಲದ ಆಚರಣೆಗಳನ್ನು ಬಿಡಿರೆಂದು ನಾವು ಜನರಿಗೆ ಕರೆ ಕೊಟ್ಟೆವು. ಆ ಕರೆಯ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಆ ಭರದಲ್ಲಿ ನಾವು ಒಂದು ವಿವೇಚನೆಯನ್ನು ಮರೆತೆವು. ಆಚರಣೆ ಬೇರೆ, ಅದಕ್ಕೆ ಅಂಟಿಕೊಂಡಿದ್ದ ವಿದ್ಯೆ ಬೇರೆ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗೆಸೆದೆವು. ತಾಲೀಮಖಾನೆಯ ಬಾಗಿಲು ಮುಚ್ಚಿತು. ಸಂಜೆಯ ಹೊತ್ತು ಅಲ್ಲಿ ಬೆವರು ಸುರಿಸುತ್ತಿದ್ದ ಹುಡುಗರಿಗೆ ಬದಲಾಗಿ ನಾವು ಏನು ಕೊಟ್ಟೆವು? ಕಟ್ಟೆಯ ಹರಟೆ, ಗುಟ್ಕಾ ಚೀಟಿ, ಈಗೀಗ ಮೊಬೈಲು. ಸುಧಾರಣೆಯ ಹೆಸರಿನಲ್ಲಿ ನಾವು ಮಾಡಿದ ಈ ನಷ್ಟವನ್ನು ನಾವೇ ಒಪ್ಪಿಕೊಳ್ಳಬೇಕಾಗಿದೆ.

ಹಬ್ಬದ ದಿನವೊಂದರಲ್ಲಿ ಅಬಿಸೀನಿಯದ ಜನರು ಈಟಿ ಮತ್ತು ಗುರಾಣಿಗಳೊಂದಿಗೆ ಪ್ರವಾದಿಯವರ(ಸ) ಮಸೀದಿಯಲ್ಲೇ ವರಸೆ ಪ್ರದರ್ಶಿಸಿದ್ದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಹಝ್ರತ್ ಉಮರ್(ರ) ಅದನ್ನು ತಡೆಯಲು ಮುಂದಾದಾಗ ಪ್ರವಾದಿಯವರು(ಸ) ಅವರನ್ನು ಬಿಟ್ಟುಬಿಡುವಂತೆ ಹೇಳಿದರು. ಹಝ್ರತ್ ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು, ತಮಗೆ ಸಾಕೆನಿಸುವವರೆಗೂ ಆ ಆಟವನ್ನು ನೋಡಿದರು. ಆಟವೆಂದ ಮಾತ್ರಕ್ಕೆ ಅದು ನಿಷಿದ್ಧವಲ್ಲ, ಅದನ್ನು ಹೆಣ್ಣುಮಕ್ಕಳು ನೋಡಬಾರದೆಂದೂ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಕೋಲಾಟದ ವಿದ್ಯೆ ಯಾವೊಂದು ಸಮುದಾಯದ ಆಸ್ತಿಯೂ ಅಲ್ಲ. ತಮಿಳುನಾಡಿನಲ್ಲಿ ಅದು ಸಿಲಂಬಂ, ಪಂಜಾಬಿನ ಸಿಕ್ಖರಲ್ಲಿ ಗಟ್ಕಾ, ಕೇರಳದ ಕಳರಿಯಲ್ಲಿ ಕೆಟ್ಟುಕಾರಿ. ಮಲಬಾರಿನ ಮಾಪ್ಪಿಳ ಮುಸ್ಲಿಮರ ಕೋಲ್ಕಳಿಯ ಹೆಜ್ಜೆಗಳಲ್ಲಿ ಕಳರಿಯ ಹೆಜ್ಜೆಗಳನ್ನು ಇಂದಿಗೂ ಗುರುತಿಸಬಹುದು. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗಟ್ಕಾ ಮತ್ತು ಕಳರಿಪಯಟ್ಟುಗಳಿಗೆ ಸ್ಥಾನ ದೊರೆಯಿತು. 2024ರ ಜನವರಿಯಲ್ಲಿ ತಮಿಳುನಾಡಿನ ಕೂಟದಲ್ಲಿ ಸಿಲಂಬಂ ಪ್ರದರ್ಶನ ಕ್ರೀಡೆಯಾಗಿ ಸೇರಿತು. ದೇಶವೇ ಕ್ರೀಡೆಯೆಂದು ಗುರುತಿಸಿದ್ದನ್ನು ನಾವು ಕಲಿಯಲು ಅಂಜಬೇಕಾದ ಕಾರಣವಿಲ್ಲ.

ನಮ್ಮ ದೇಶದ ಹೊರಗೂ ಒಂದು ಉದಾಹರಣೆಯಿದೆ. ಈಜಿಪ್ಟಿನ ದಕ್ಷಿಣ ಭಾಗದ ಹಳ್ಳಿಗಳಲ್ಲಿ ತಹ್ತೀಬ್ ಎಂಬ ಕೋಲಿನ ಆಟವಿದೆ. ಫರೋಹರ ಕಾಲದ ಗೋಡೆಚಿತ್ರಗಳಲ್ಲೂ ಅದರ ಕುರುಹು ಇದೆ. ಒಮ್ಮೆ ಯುದ್ಧವಿದ್ಯೆಯಾಗಿದ್ದ ಅದು ಇಂದು ಮದುವೆ ಮುಂತಾದ ಸಂತಸದ ಸಂದರ್ಭಗಳ ಆಟವಾಗಿದೆ. 2016ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ನಿಯಮವೇನು ಗೊತ್ತೇ? ಇಬ್ಬರು ಉದ್ದನೆಯ ಕೋಲು ಹಿಡಿದು ಎದುರುಬದುರು ನಿಲ್ಲುತ್ತಾರೆ, ಬೀಸುತ್ತಾರೆ, ತಪ್ಪಿಸಿಕೊಳ್ಳುತ್ತಾರೆ. ಆದರೆ ಎದುರಾಳಿಗೆ ಏಟು ಹಾಕುವಂತಿಲ್ಲ. ನನ್ನ ಉಸ್ತಾದರು ಈಜಿಪ್ಟಿನ ಹೆಸರು ಕೇಳಿದ್ದರೋ ಇಲ್ಲವೋ! ಆದರೆ ನೈಲ್ ನದಿಯ ದಡದ ಹಿರಿಯರೂ ನಮ್ಮ ಓಣಿಯ ಪಿಂಜಾರ ಹಿರಿಯರೂ ತಲುಪಿದ್ದು ಒಂದೇ ತೀರ್ಮಾನಕ್ಕೆ.

ಇನ್ನು, ಇದರಿಂದ ಮಗುವಿನ ದೇಹಕ್ಕೆ ಏನು ಪ್ರಯೋಜನ? 5ರಿಂದ 17 ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಶಾಲೆಯಿಂದ ಟ್ಯೂಷನ್‌ಗೆ, ಅಲ್ಲಿಂದ ಮದರಸಕ್ಕೆ ಹೋಗುವ ನಮ್ಮ ಎಷ್ಟು ಮಕ್ಕಳಿಗೆ ಆ ಒಂದು ಗಂಟೆ ಸಿಗುತ್ತಿದೆ? ಓಟ, ಕಬಡ್ಡಿ, ಕ್ರಿಕೆಟ್ ಎಲ್ಲವೂ ಒಳ್ಳೆಯವೇ. ಆದರೆ ಕೋಲಿನ ಅಭ್ಯಾಸಕ್ಕೆ ಒಂದು ವಿಶೇಷವಿದೆ. ಕೋಲನ್ನು 8ರ ಆಕಾರದಲ್ಲಿ ತಿರುಗಿಸುವಾಗ ಕೈ ಎದೆಯ ನಡುಗೆರೆಯನ್ನು ದಾಟಿ ಎಡಕ್ಕೂ ಬಲಕ್ಕೂ ಹೋಗಬೇಕಾಗುತ್ತದೆ. ಅದೇ ಕ್ಷಣದಲ್ಲಿ ಕಾಲು ತನ್ನ ಹೆಜ್ಜೆಯನ್ನು ತಪ್ಪಬಾರದು, ಕಣ್ಣು ಎದುರಿನವನನ್ನು ಬಿಡಬಾರದು, ಉಸಿರು ಕಟ್ಟಬಾರದು. ಬಲಗೈಯಲ್ಲಿ ಕಲಿತದ್ದನ್ನು ಎಡಗೈಯಲ್ಲೂ ಮಾಡಬೇಕು. ಮೊದಲ ವಾರ ಎಡಗೈ ಮೊಂಡುಹಿಡಿಯುತ್ತದೆ. ಹಟಬಿಡದೆ ಅಭ್ಯಾಸ ಮಾಡಿದರೆ ಅದೂ ಬಾಗುತ್ತದೆ.

ಐದು ಅಡಿಯ ಕೋಲಿನ ಬುಡದಲ್ಲಿ ಮಣಿಕಟ್ಟು ಒಂದಿಷ್ಟು ತಿರುಗಿದರೆ, ಅದರ ತುದಿ ಅಷ್ಟೇ ಸಮಯದಲ್ಲಿ ಹಲವು ಪಟ್ಟು ದೂರವನ್ನು ಕ್ರಮಿಸುತ್ತದೆ. ಕೋಲಿನ ಬಲವೂ ಅಪಾಯವೂ ಇದರಲ್ಲೇ ಇವೆ. ಸಣ್ಣ ಮಗುವಿನ ಕೈಯಲ್ಲಿದ್ದರೂ ಅದರ ತುದಿ ಕಣ್ಣು ಕಳೆಯಬಲ್ಲದು. ಆದ್ದರಿಂದಲೇ ಹಿಂದಿನವರು ಕಲಿಕೆಗೆ ಒಂದು ಕ್ರಮವನ್ನಿಟ್ಟಿದ್ದರು. ಕಳರಿಯಲ್ಲಿ ಮೊದಲು ಮೈಯ ಪಳಗಿಕೆ, ಆ ಬಳಿಕವೇ ಕೋಲು. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಲಾಗುವುದು: ಮೊದಲು ಬರಿಗೈಯ ಹೆಜ್ಜೆ, ನಂತರ ಹಿಡಿತ, ನಂತರ ಒಬ್ಬಂಟಿ ತಿರುವು, ಕೊನೆಯಲ್ಲಿ ಮೊದಲೇ ಗೊತ್ತುಪಡಿಸಿದ ಏಟು–ತಡೆಗಳ ಜೋಡಿಯಾಟ. ಕೋಲು ಬೆತ್ತದ್ದೇ ಆಗಿರಬೇಕು. ಬೆತ್ತ ಒಳಗೆ ಗಟ್ಟಿಯಾಗಿದ್ದು ನಾರುನಾರಾಗಿ ಸವೆಯುತ್ತದೆ. ಪೊಳ್ಳಾದ ಬಿದಿರು ಉದ್ದಕ್ಕೆ ಸೀಳಿ ಚೂಪಾದ ಸಿಬಿರು ಏಳುತ್ತದೆ. ಜೋಡಿಯಾಟಕ್ಕೆ ಕಣ್ಣಿನ ರಕ್ಷಣೆ, ತಲೆಕಾಪು ಕಡ್ಡಾಯ. ಮುಖಕ್ಕೆ ಹೊಡೆಯುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆ. ತಮಾಷೆಗಾಗಿಯೂ ಸಹೋದರನತ್ತ ಆಯುಧವನ್ನು ಚಾಚಬಾರದೆಂದು ಎಚ್ಚರಿಸಿದ್ದಾರೆ. ಈ ಎರಡು ಬೋಧನೆಗಳನ್ನು ಪಾಲಿಸದ ಮಗುವಿಗೆ ಕೋಲು ಸಿಗುವುದಿಲ್ಲ.

ಈಗ ಎರಡನೆಯ, ಹೆಚ್ಚು ಕಷ್ಟದ ಪ್ರಶ್ನೆ. ನಮ್ಮ ಮಕ್ಕಳು ಕೋಲು ಹಿಡಿದ ಒಂದು ಫೋಟೋ ನಾಳೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ‘ಭಯಾನಕ ತರಬೇತಿ’ ಎಂಬ ತಲೆಬರಹ ಪಡೆಯಬಹುದೆಂಬ ಭಯ ನಿಮಗಿದೆ. ಆ ಭಯ ಆಧಾರರಹಿತವೆಂದು ನಾನು ಹೇಳಲಾರೆ. ಒಬ್ಬರ ಕೈಯಲ್ಲಿ ಸಂಸ್ಕೃತಿಯಾಗಿ ಕಾಣುವ ಕೋಲು ಇನ್ನೊಬ್ಬರ ಕೈಯಲ್ಲಿ ಸಂಚಾಗಿ ಕಾಣುವ ಕಾಲವಿದು. ಈ ಇಬ್ಬಗೆಯ ಅಳತೆಯನ್ನು ನಾವು ಖಂಡಿಸುತ್ತೇವೆ. ಆದರೆ ಅದನ್ನು ಖಂಡಿಸುವ ನೈತಿಕ ಹಕ್ಕು ನಮಗೆ ಉಳಿಯಬೇಕಾದರೆ ನಮ್ಮ ಅಳತೆಯೂ ಒಂದೇ ಆಗಿರಬೇಕು. ಸಮವಸ್ತ್ರ ತೊಟ್ಟು, ಘೋಷಣೆ ಕೂಗುತ್ತಾ, ಇತರರ ಬೀದಿಯಲ್ಲಿ ಕೋಲು ಝಳಪಿಸುವುದು ಯಾರು ಮಾಡಿದರೂ ಬೆದರಿಕೆಯೇ. ನಮ್ಮ ಹುಡುಗರು ಮೀಲಾದ್ ಮೆರವಣಿಗೆಯಲ್ಲಿ ಮಾಡಿದರೂ ಅಷ್ಟೇ.

ಭಯಕ್ಕೆ ಅಡಗಿಕೊಳ್ಳುವುದು ಮದ್ದಲ್ಲ, ತೆರೆದುಕೊಳ್ಳುವುದೇ ಮದ್ದು. ಆದ್ದರಿಂದ ಸಂಘಟಕರ ಮುಂದೆ ನಾನು ನಾಲ್ಕು ಷರತ್ತುಗಳನ್ನಿಟ್ಟೆ, ಅವರು ಒಪ್ಪಿದ್ದಾರೆ. ಒಂದು, ಅಭ್ಯಾಸ ಬಯಲಿನಲ್ಲಿ, ಹಗಲಿನಲ್ಲಿ, ಹೆತ್ತವರ ಕಣ್ಣೆದುರಿನಲ್ಲಿ ನಡೆಯಬೇಕು. ಪೊಲೀಸ್ ಠಾಣೆಗೆ ಮೊದಲೇ ಲಿಖಿತ ಮಾಹಿತಿ ಕೊಡಬೇಕು. ಎರಡು, ನೆರೆಹೊರೆಯ ಎಲ್ಲ ಸಮುದಾಯಗಳ ಮಕ್ಕಳಿಗೂ ಬಾಗಿಲು ತೆರೆದಿರಬೇಕು. ಮೂರು, ಕೋಲುಗಳು ಮೈದಾನದ ಪೆಟ್ಟಿಗೆಯಲ್ಲೇ ಇರಬೇಕು. ಯಾವ ಮೆರವಣಿಗೆಗೂ ಹೋಗಕೂಡದು. ಉದ್ವಿಗ್ನತೆಯ ದಿನಗಳಲ್ಲಿ ಸಾರ್ವಜನಿಕ ಸ್ಥಳದಲ್ಲಿ ದೊಣ್ಣೆ ಒಯ್ಯುವುದನ್ನು ನಿಷೇಧಿಸುವ ಅಧಿಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿದೆ ಎಂಬುದನ್ನು ಮಕ್ಕಳಿಗೆ ತಿಳಿಸಬೇಕು. ನಾಲ್ಕು, ವರಸೆಯ ಜೊತೆಗೆ ಕಾನೂನಿನ ಪಾಠವೂ ಇರಬೇಕು.

ಕಾನೂನಿನ ಪಾಠವೇಕೆ? ಏಕೆಂದರೆ ಆತ್ಮರಕ್ಷಣೆಯೆಂಬ ಪದವನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ತನ್ನ ಮತ್ತು ಇತರರ ದೇಹವನ್ನು ರಕ್ಷಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ. ಹಿಂದೆ ಭಾರತೀಯ ದಂಡ ಸಂಹಿತೆಯ 96ರಿಂದ 106ನೇ ಕಲಮುಗಳಲ್ಲಿದ್ದ ಅದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಆದರೆ ಆ ಹಕ್ಕಿಗೆ ಗಡಿಗಳಿವೆ. ರಕ್ಷಣೆಗೆ ಅಗತ್ಯವಿದ್ದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ಅಪಾಯದ ಆತಂಕ ಇರುವವರೆಗೆ ಮಾತ್ರ ಅದು ಇರುತ್ತದೆ. ಎದುರಾಳಿ ಬೆನ್ನು ತೋರಿಸಿ ಓಡಿದ ಮೇಲೆ ಬಿದ್ದ ಒಂದು ಏಟು ನಿಮ್ಮ ಮಗನನ್ನು ಸಂತ್ರಸ್ತನ ಸ್ಥಾನದಿಂದ ಆರೋಪಿಯ ಸ್ಥಾನಕ್ಕೆ ತಳ್ಳಬಲ್ಲದು. ಇಲ್ಲಿಯೂ ಉಸ್ತಾದರ ಮಾತೇ: ಬೀಸಿದ್ದನ್ನು ನಿಲ್ಲಿಸಲು ಬರಬೇಕು. ಸ್ವರಕ್ಷಣೆಯ ಮೊದಲ ಪಾಠ ಅಪಾಯವನ್ನು ಗುರುತಿಸುವುದು, ಎರಡನೆಯದು ಅಲ್ಲಿಂದ ದೂರವಾಗುವುದು. ಅದಾಗದಿದ್ದಾಗ ಮಾತ್ರ ತಡೆಯುವುದು, ತಡೆದು ದಾರಿ ಮಾಡಿಕೊಂಡು ಹೊರಡುವುದು. ಗೆಲ್ಲುವ ಪ್ರಶ್ನೆಯೇ ಅಲ್ಲಿಲ್ಲ, ಮನೆಗೆ ಮರಳುವುದಷ್ಟೇ ಮುಖ್ಯ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಕೇರಳದ ವಡಗರದ ಮೀನಾಕ್ಷಿ ಅಮ್ಮ ಅವರು ಬಾಲ್ಯದಿಂದ ಕಳರಿ ಕಲಿತು, ದಶಕಗಳ ಕಾಲ ಹುಡುಗ ಹುಡುಗಿಯರಿಗೆ ಕಲಿಸಿ, 2017ರಲ್ಲಿ ಪದ್ಮಶ್ರೀ ಪಡೆದರು. ಟ್ಯೂಷನ್ ಮುಗಿಸಿ ಕತ್ತಲಲ್ಲಿ ಮರಳುವ ಮಗಳಿಗೆ ನಾವು ಕೊಡುವುದು ‘ಜಾಗ್ರತೆ’ ಎಂಬ ಒಂದು ಪದವನ್ನು ಮಾತ್ರ. ದೂರವನ್ನು ಅಳೆಯುವ ಕಣ್ಣು, ಗಟ್ಟಿಯಾಗಿ ಕೂಗುವ ದನಿ, ಕೊಡೆಯನ್ನಾದರೂ ಅಡ್ಡ ಹಿಡಿಯಬಲ್ಲ ಕೈ, ಇವೂ ಅವಳ ಹಕ್ಕಲ್ಲವೇ? ಇಲ್ಲಿ ಅವರಿಗೆ ಮಹಿಳಾ ತರಬೇತುದಾರರಿದ್ದಾರೆ, ಹುಡುಗರಷ್ಟೇ ಸಮಯವೂ ಇದೆ.

ಹಿರಿಯರೂ ಸುಮ್ಮನೆ ಕುಳಿತು ನೋಡಬೇಕಾಗಿಲ್ಲ. ಫಜ್ರ್ ನಮಾಝಿಗೆ ಹೊರಟಾಗ ಬೀದಿನಾಯಿಗಳು ಸುತ್ತುವರಿದ ಅನುಭವ ನಿಮ್ಮಲ್ಲಿ ಅನೇಕರಿಗಿದೆ. ಓಡದೆ, ಬೀಸದೆ, ಕೋಲನ್ನು ಮುಂದೆ ಅಡ್ಡವಾಗಿ ಹಿಡಿದು ನಿಧಾನವಾಗಿ ಹಿಂದೆ ಸರಿಯುವುದು ಒಂದು ವಿದ್ಯೆ. 65 ದಾಟಿದವರು ಬೀಳದಂತಿರಲು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕೆಂಬುದು ವೈದ್ಯಕೀಯ ಸಲಹೆ. ನಮ್ಮ ನಿಧಾನದ ಹೆಜ್ಜೆಗಳು ಅದಕ್ಕೂ ಒದಗುತ್ತವೆ.

ಸಹೋದರರೇ, ಕುಸ್ತಿಯಲ್ಲಿ ಇತರರನ್ನು ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬುದು ಪ್ರವಾದಿಯವರ(ಸ) ಬೋಧನೆಯ ಸಾರ. ಬಲವೇ ಇಲ್ಲದವನು ಹೊಡೆಯದಿದ್ದರೆ ಅದು ಅಸಹಾಯಕತೆ. ಬಲವಿದ್ದೂ ಕೈ ತಡೆದವನಲ್ಲಿ ಮಾತ್ರ ಸಂಯಮವಿದೆ. ನಮ್ಮ ಮಕ್ಕಳು ಅಸಹಾಯಕರೂ ಆಗಬಾರದು, ಆಕ್ರಮಣಕಾರರೂ ಆಗಬಾರದು.

ನನ್ನ ಉಸ್ತಾದರು ತೀರಿಕೊಂಡು ಬಹಳ ವರ್ಷಗಳಾದವು. ಅವರ ತಾಲೀಮಖಾನೆಯ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳಿವೆ. ಅಂದು ನನ್ನ ಏಟಿನಿಂದ ಕಿವಿ ಹರಿದುಕೊಂಡ ಗೆಳೆಯ ಲಿಂಗಾಯತರ ಮನೆಯ ಹುಡುಗ. ಊರಲ್ಲಿ ಗಲಭೆಯ ಗಾಳಿಮಾತು ಹಬ್ಬಿದ ಒಂದು ರಾತ್ರಿ ನಮ್ಮ ಮನೆಯ ಕಟ್ಟೆಯ ಮೇಲೆ ಬೆಳಗಾಗುವವರೆಗೆ ಕುಳಿತವನು ಅವನೇ. ಅವನ ಕೈಯಲ್ಲಿ ಕೋಲಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಒಂದೇ ಅಂಗಳದಲ್ಲಿ ಬೆವರು ಸುರಿಸಿದ ಬಾಂಧವ್ಯ ಅದು. ಅಂತಹ ಅಂಗಳವನ್ನು ನಮ್ಮ ಮಕ್ಕಳಿಗೆ ಮರಳಿ ಕೊಡೋಣ. ಬೀಸಲೂ ನಿಲ್ಲಿಸಲೂ ಬಲ್ಲ ಕೈಗಳನ್ನು ಅಲ್ಲಾಹನು ಅವರಿಗೆ ದಯಪಾಲಿಸಲಿ. ಆಮೀನ್.